ಸ್ವಯಂವಹ ಗಡಿಯಾರವೂ ವಿದ್ಯುತ್ಕೋಶವೂ

೧

ಕೀಲಿ ಕೊಡದೆ, ತೂಕವನ್ನು ಮೇಲಕ್ಕೆತ್ತದೆ, ನೀರು ತುಂಬದೆ, ತನ್ನಷ್ಟಕ್ಕೆ ತಾನೇ ನಡೆಯುವ ಕಾಲಮಾಪಕ ಯಂತ್ರವೊಂದನ್ನು ರಚಿಸಬೇಕೆಂಬ ಆಸೆ ಬಹು ಪ್ರಾಚೀನವಾದುದು. ಭಾರತೀಯ ಜ್ಯೋತಿಷ ಸಿದ್ಧಾಂತಗಳಲ್ಲಿ ಅಂಥ ಯಂತ್ರಕ್ಕೆ ‘ಸ್ವಯಂವಹ’ವೆಂದು ಹೆಸರು. ಕ್ರಿ. ಶ. ೬೨೮ರಲ್ಲಿ ರಚಿತವಾದ ಬ್ರಹ್ಮಗುಪ್ತನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿಯೂ, ೧೧೫೦ರಲ್ಲಿ ಮುಗಿದ ಭಾಸ್ಕರಾಚಾರ್ಯರ ಸಿದ್ಧಾಂತಶಿರೋಮಣಿಯ ಗೋಲಾಧ್ಯಾಯದಲ್ಲಿಯೂ ಇಂಥ ಚಕ್ರದ ವರ್ಣನೆ ದೊರೆಯುತ್ತದೆ. ಹಗುರವಾದ ಮರದ ಚಕ್ರವೊಂದಕ್ಕೆ ಟೊಳ್ಳಾದ ಅರಗಳನ್ನು ಒಂದೇ ಅಂತರದಲ್ಲಿ ಜೋಡಿಸಿ, ಅವುಗಳ ಅರ್ಧಭಾಗಕ್ಕೆ ಪಾದರಸವನ್ನು ತುಂಬಿ ಬಾಯಿ ಮುಚ್ಚಿ ಅಚ್ಚಿನ ಮೇಲೆ ನಿಲ್ಲಿಸಿದರೆ, ಆ ಚಕ್ರವು ತಾನಾಗಿಯೇ ತಿರುಗುವುದೆಂದು ಅಲ್ಲಿ ಹೇಳಿದೆ.

ಇಲ್ಲಿ ವಿಚಾರಣೀಯವಾದುದು ಚಕ್ರದ ರಚನೆಗಿಂತ ಮಿಗಿಲಾಗಿ ಆಚಾರ್ಯರು ಮಾಡಿದ ಒಂದು ವಿಭಾಗ. ಲಲ್ಲಾದಿಗಳು ಹೇಳಿದ, ಹೊರಗಿನ ನೀರಿನ ಆಸರೆಯಿಂದ ತಿರುಗುವ ಸ್ವಯಂವಹವನ್ನು ಭಾಸ್ಕರಾಚಾರ್ಯರು ‘ಸಾಪೇಕ್ಷ’ವೆಂದು ಕರೆದು, ಆ ಕಾರಣದಿಂದಲೇ ಅದು ‘ಗ್ರಾಮ್ಯ’ವೆಂದು ತಳ್ಳಿಹಾಕಿದ್ದಾರೆ. ಪರರ ನೆರವಿಲ್ಲದೆ ನಡೆಯುವುದೇ, ಅಂದರೆ ನಿರಪೇಕ್ಷವಾದುದೇ, ಯಂತ್ರವೆಂಬ ಹೆಸರಿಗೆ ತಕ್ಕದ್ದೆಂಬುದು ಅವರ ಅಭಿಪ್ರಾಯದ ಸಾರ. ಪಾದರಸದ ಚಕ್ರವು ಮಾತ್ರ ನಡೆಯತಕ್ಕದ್ದಲ್ಲ. ಇಳಿಯುವ ಪಕ್ಕದಲ್ಲಿ ಪಾದರಸವು ಅಚ್ಚಿನಿಂದ ದೂರಕ್ಕೆ ಸರಿದು ಭಾರವನ್ನು ಹೆಚ್ಚಿಸಿದರೂ, ಏರುವ ಪಕ್ಕದಲ್ಲಿ ಅಷ್ಟೇ ಎಳೆತವು ಎದುರಾಗಿ ನಿಲ್ಲುವುದರಿಂದ, ಚಕ್ರವು ಸ್ವಲ್ಪ ತೂಗಾಡಿ ಸ್ತಬ್ಧವಾಗುತ್ತದೆ. ಆದರೂ ಸಾಪೇಕ್ಷ ನಿರಪೇಕ್ಷಗಳೆಂಬ ಆ ವಿಭಾಗವು ವ್ಯರ್ಥವಾದುದಲ್ಲ. ಏಳು ಶತಮಾನಗಳ ಅನಂತರ ಯೂರೋಪಿನಲ್ಲಿ ವಿದ್ಯುತ್ತಿನ ಬಲದಿಂದ ನಡೆಯುವ ಗಡಿಯಾರಗಳು ಹುಟ್ಟಿದಾಗ ಅದೇ ಪ್ರಶ್ನೆ ಮತ್ತೊಮ್ಮೆ ತಲೆಯೆತ್ತಿತು. ಭಾಸ್ಕರರ ಗ್ರಂಥಕ್ಕೂ ಆ ಗಡಿಯಾರಗಳಿಗೂ ಕೊಡುಕೊಳ್ಳುವಿಕೆಯಿತ್ತೆಂಬುದು ಇಲ್ಲಿಯ ವಾದವಲ್ಲ. ಆಚಾರ್ಯರ ಪದದ್ವಯವನ್ನು ಅಳತೆಗೋಲಾಗಿ ಹಿಡಿದು, ಕೈಯಿಂದ ಮಾಡಿದ ವಿದ್ಯುತ್ಕೋಶಗಳಿಂದ ನಡೆದ ಆ ಗಡಿಯಾರಗಳ ಇತಿಹಾಸವನ್ನು ಪರಿಶೀಲಿಸಿದರೆ, ದೀರ್ಘಕಾಲ ನಡೆಯುವುದು ಬೇರೆ, ಸರಿಯಾದ ಕಾಲವನ್ನು ಹೇಳುವುದು ಬೇರೆ ಎಂಬ ತತ್ತ್ವವು ಸ್ಪಷ್ಟವಾಗುತ್ತದೆ. ಇಷ್ಟನ್ನು ಪ್ರತಿಪಾದಿಸುವುದೇ ಈ ಲೇಖನದ ಉದ್ದೇಶ.

೨

ಇಂದು ಬ್ಯಾಟರಿಯೆಂದು ಕರೆಯುವ ವಿದ್ಯುತ್ಕೋಶದ ಕಥೆ ಇಟಲಿಯಲ್ಲಿ ಮೊದಲಾಗುತ್ತದೆ. ಪಾವಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾಗಿದ್ದ ಅಲೆಸ್ಸಾಂದ್ರೋ ವೋಲ್ಟಾ ಎಂಬ ವಿಜ್ಞಾನಿಯು ೧೮೦೦ನೆಯ ಮಾರ್ಚಿ ೨೦ರಂದು ಕೋಮೋ ಪಟ್ಟಣದಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಒಂದು ಪತ್ರವನ್ನು ಬರೆದನು. ಬೆಳ್ಳಿಯ ಬಿಲ್ಲೆ, ಸತುವಿನ ಬಿಲ್ಲೆ, ಉಪ್ಪುನೀರಿನಲ್ಲಿ ನೆನೆಯಿಸಿದ ರಟ್ಟು, ಮತ್ತೆ ಬೆಳ್ಳಿ, ಸತು, ರಟ್ಟು, ಹೀಗೆ ಒಂದರ ಮೇಲೊಂದನ್ನು ಪೇರಿಸಿದ ಕಂಬವು ಎಡೆಬಿಡದೆ ವಿದ್ಯುತ್ತನ್ನು ಕೊಡುತ್ತದೆಂಬುದು ಆ ಪತ್ರದ ವಿಷಯ. ನಾಣ್ಯಗಳನ್ನು ಪೇರಿಸಿದಂತೆ ತೋರುವ ಈ ಕಂಬವನ್ನು ಕೆಲವೇ ವಾರಗಳಲ್ಲಿ ಯೂರೋಪಿನ ವಿದ್ವಾಂಸರು ತಮ್ಮ ತಮ್ಮ ಮನೆಗಳಲ್ಲಿಯೇ ಮಾಡಿ ನೋಡಿದರು.

ಆದರೆ ವೋಲ್ಟಾನ ಕಂಬಕ್ಕೆ ಆಯುಸ್ಸು ಕಡಮೆ. ಮೇಲಿನ ಬಿಲ್ಲೆಗಳ ಭಾರಕ್ಕೆ ಕೆಳಗಿನ ರಟ್ಟುಗಳಿಂದ ಉಪ್ಪುನೀರು ಹಿಂಡಿಹೋಗುತ್ತಿತ್ತು, ಉಳಿದದ್ದು ಆರಿಹೋಗುತ್ತಿತ್ತು, ಸತು ಬೇಗನೆ ಸವೆಯುತ್ತಿತ್ತು. ಹೆಚ್ಚೆಂದರೆ ಕೆಲವು ದಿನಗಳಲ್ಲಿ ಬಲವು ಕುಂದುತ್ತಿತ್ತು. ಆದ್ದರಿಂದ ಅನೇಕರು ಒಂದು ಪ್ರಶ್ನೆಯನ್ನು ಹಾಕಿಕೊಂಡರು: ಒದ್ದೆಯೇ ಕ್ಷಯಕ್ಕೆ ಕಾರಣವಾದರೆ, ಒದ್ದೆಯಿಲ್ಲದ ಕಂಬವನ್ನು ಏಕೆ ಕಟ್ಟಬಾರದು?

ಜಿನೀವದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿ ರಾಣಿ ಶಾರ್ಲಟ್ಟಳ ಆಶ್ರಯದಲ್ಲಿದ್ದ ಜ್ಯಾಂ ಆಂದ್ರೆ ದೆಲುಕ್ ಎಂಬ ವೃದ್ಧ ವಿದ್ವಾಂಸನು ೧೮೧೦ರಲ್ಲಿ ಅಂಥ ಕಂಬವನ್ನು ಪ್ರಕಟಿಸಿದನು. ತೆಳುವಾದ ಲೋಹದ ಬಿಲ್ಲೆಗಳನ್ನೂ ಒಂದು ಮೈಗೆ ಬಂಗಾರದ ಬಣ್ಣದ ತಗಡನ್ನು ಹಚ್ಚಿದ ಕಾಗದದ ಬಿಲ್ಲೆಗಳನ್ನೂ ನೂರುಗಟ್ಟಲೆ ಅಡಕಿ ಅವನು ಅದನ್ನು ಕಟ್ಟಿದ್ದನು. ಎರಡು ವರ್ಷಗಳ ಮೇಲೆ, ೧೮೧೨ರಲ್ಲಿ, ವೆರೋನ ನಗರದ ವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಜುಸೆಪ್ಪೆ ಜಾಂಬೋನಿ ಎಂಬ ಪಾದ್ರಿಯು ಇನ್ನೂ ಉತ್ತಮವಾದ ಕಂಬವೊಂದನ್ನು ರಚಿಸಿ, ‘ಒಣ ವಿದ್ಯುತ್ಕಂಬ’ವೆಂಬರ್ಥದ ಹೆಸರಿನಿಂದ ಒಂದು ಪುಸ್ತಕವನ್ನು ಹೊರಡಿಸಿದನು.

ಜಾಂಬೋನಿಯ ಕಂಬವನ್ನು ಮಾಡುವ ರೀತಿ ತಿಳಿಯತಕ್ಕದ್ದಾಗಿದೆ. ಏಕೆಂದರೆ ಅದಕ್ಕೆ ಕುಲುಮೆಯಾಗಲಿ ದೊಡ್ಡ ಕಾರ್ಖಾನೆಯಾಗಲಿ ಬೇಕಿರಲಿಲ್ಲ. ಒಂದು ಮೈಗೆ ತವರದ ತೆಳು ಹಾಳೆಯನ್ನು ಅಂಟಿಸಿದ ಕಾಗದವನ್ನು ತೆಗೆದುಕೊಂಡು, ಅದರ ಇನ್ನೊಂದು ಮೈಗೆ ಮ್ಯಾಂಗನೀಸ್ ಡೈಆಕ್ಸೈಡ್ ಎಂಬ ಕಪ್ಪು ಪುಡಿಯನ್ನು ಜೇನಿನಲ್ಲಿ ಕಲಸಿ ಬಳಿಯಬೇಕು. ಆರಿದ ಮೇಲೆ ಆ ಕಾಗದವನ್ನು ದುಂಡಗಿನ ಬಿಲ್ಲೆಗಳಾಗಿ ಕತ್ತರಿಸಿ, ತವರದ ಮೈ ಎಲ್ಲವೂ ಒಂದೇ ದಿಕ್ಕಿಗೆ ಇರುವಂತೆ ಸಾವಿರ, ಎರಡು ಸಾವಿರ ಬಿಲ್ಲೆಗಳನ್ನು ಗಾಜಿನ ಕೊಳವೆಯಲ್ಲಿ ಒತ್ತಿ ಸೇರಿಸಬೇಕು. ಎರಡು ತುದಿಗಳಿಗೂ ಹಿತ್ತಾಳೆಯ ಮುಚ್ಚಳವನ್ನು ಹಾಕಿ, ಹೊರಗಿನ ಗಾಳಿ ಸೋಕದಂತೆ ಗಂಧಕದ ಲೇಪವನ್ನು ಕೊಟ್ಟರೆ ಕಂಬವು ಸಿದ್ಧವಾಯಿತು. ಒಂದು ಬಿಲ್ಲೆಯ ಬಲ ಅತ್ಯಲ್ಪ; ಆದರೆ ಎರಡು ಸಾವಿರ ಬಿಲ್ಲೆಗಳ ಬಲ ಒಂದುಗೂಡಿದಾಗ ಅದು ಸಾವಿರ ವೋಲ್ಟಿನ ಮಟ್ಟವನ್ನು ಮುಟ್ಟುತ್ತದೆ. ಒತ್ತಡವು ಹೀಗೆ ಬಹಳವಾದರೂ ಪ್ರವಾಹವು ಮಾತ್ರ ಕೂದಲೆಳೆಗಿಂತಲೂ ಸೂಕ್ಷ್ಮ.

ಇಂಥ ಎರಡು ಕಂಬಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ, ಒಂದರ ತಲೆಯಲ್ಲಿ ಧನವಿದ್ಯುತ್ತೂ ಇನ್ನೊಂದರ ತಲೆಯಲ್ಲಿ ಋಣವಿದ್ಯುತ್ತೂ ಇರುವಂತೆ ಮಾಡಿ, ನಡುವೆ ಹಗುರವಾದ ಲೋಲಕವನ್ನು ತೂಗಬಿಟ್ಟರೆ ಒಂದು ವಿನೋದವು ಕಾಣುತ್ತದೆ. ಲೋಲಕವು ಮೊದಲು ಒಂದು ತಲೆಯತ್ತ ಎಳೆಯಲ್ಪಟ್ಟು ಅದನ್ನು ಮುಟ್ಟುತ್ತದೆ. ಮುಟ್ಟಿದೊಡನೆ ಅದರ ವಿದ್ಯುತ್ತನ್ನೇ ತಾನೂ ಪಡೆದು ದೂರಕ್ಕೆ ತಳ್ಳಲ್ಪಡುತ್ತದೆ. ಆಗ ಎದುರಿನ ಕಂಬವು ಎಳೆಯುತ್ತದೆ. ಅಲ್ಲಿಯೂ ಹಾಗೆಯೇ ಆಗುತ್ತದೆ. ಸಜಾತೀಯಗಳು ದೂಡುತ್ತವೆ, ವಿಜಾತೀಯಗಳು ಸೆಳೆಯುತ್ತವೆ ಎಂಬ ಒಂದೇ ನಿಯಮದಿಂದ ಈ ಲೋಲಕವು ಹಗಲಿರುಳೂ ತೂಗುತ್ತದೆ. ವೆರೋನದ ಯಂತ್ರಶಿಲ್ಪಿಯಾದ ಕಾರ್ಲೋ ಸ್ಟ್ರೈಜಿಗ್ ಎಂಬವನು ಇದಕ್ಕೆ ಹಲ್ಲುಚಕ್ರಗಳನ್ನೂ ಮುಳ್ಳುಗಳನ್ನೂ ಜೋಡಿಸಿ ಗಡಿಯಾರವನ್ನಾಗಿ ಮಾಡಿದನು. ಮ್ಯೂನಿಕ್ಕಿನಲ್ಲಿ ರಾಮಿಸ್ ಎಂಬ ಪ್ರಾಧ್ಯಾಪಕನೂ ೧೮೧೫ರಲ್ಲಿ ಇಂಥದೇ ಗಡಿಯಾರವನ್ನು ರಚಿಸಿದನು. ಜಾಂಬೋನಿಯು ೧೮೨೦ ಮತ್ತು ೧೮೨೨ರಲ್ಲಿ ಎರಡು ಸಂಪುಟಗಳಾಗಿ ಹೊರಡಿಸಿದ ಗ್ರಂಥಕ್ಕೆ ‘ನಿತ್ಯ ವಿದ್ಯುಚ್ಚಾಲಕ’ವೆಂಬರ್ಥ ಬರುವ ಹೆಸರನ್ನಿಟ್ಟನು. ‘ನಿತ್ಯ’ವೆಂಬ ಈ ಒಂದು ಪದದಲ್ಲಿಯೇ ಪೂರ್ವಪಕ್ಷವು ಅಡಗಿದೆ. ಒಣ ಕಂಬಕ್ಕೆ ನೀರು ಬೇಡ, ಕೀಲಿ ಬೇಡ, ತೂಕ ಬೇಡ. ಆದ್ದರಿಂದ ಅದು ನಿರಪೇಕ್ಷ ಸ್ವಯಂವಹವೆಂಬುದು ಆ ಪಕ್ಷದ ತಾತ್ಪರ್ಯ.

೩

ಈ ಪೂರ್ವಪಕ್ಷಕ್ಕೆ ಮೊದಲ ಆಕ್ಷೇಪವು ಗಡಿಯಾರ ಮಾಡಿದವರಿಂದಲೇ ಬಂದಿತು. ಲಂಡನ್ನಿನ ಗಿಣ್ಣಿನ ವರ್ತಕರ ಮನೆತನದಲ್ಲಿ ೧೭೮೮ರಲ್ಲಿ ಹುಟ್ಟಿದ ಫ್ರಾನ್ಸಿಸ್ ರೊನಾಲ್ಡ್ಸ್ ಎಂಬ ಯುವಕನು ದೆಲುಕನ ಪರಿಚಯದಿಂದ ವಿದ್ಯುಚ್ಛಾಸ್ತ್ರದಲ್ಲಿ ಆಸಕ್ತಿಯನ್ನು ತಳೆದು, ಒಣ ಕಂಬದಿಂದ ನಡೆಯುವ ಗಡಿಯಾರವನ್ನು ಕಟ್ಟಿ, ಅದರ ವರ್ಣನೆಯನ್ನು ೧೮೧೫ರಲ್ಲಿ ‘ಫಿಲಸಾಫಿಕಲ್ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು. ಆದರೆ ಅವನು ತನ್ನ ಯಂತ್ರವನ್ನು ಹೊಗಳಿ ಸುಮ್ಮನಾಗಲಿಲ್ಲ. ಶಾಖವು ಏರಿದಾಗ ಕಂಬದ ಬಲವು ಏರುವುದನ್ನೂ, ಇಳಿದಾಗ ಇಳಿಯುವುದನ್ನೂ, ಗಾಳಿಯ ತೇವದಿಂದ ಅದು ವ್ಯತ್ಯಾಸ ಹೊಂದುವುದನ್ನೂ ಅವನು ಸೂಕ್ಷ್ಮವಾಗಿ ಪರೀಕ್ಷಿಸಿದನು. ಲೋಲಕದ ವೇಗವು ಕಂಬದ ಬಲವನ್ನು ಅನುಸರಿಸಿದುದರಿಂದ, ಇಂಥ ಗಡಿಯಾರವು ಸೆಖೆಯ ದಿನ ಮುಂದೋಡಿ ಚಳಿಯ ದಿನ ಹಿಂದೆ ಬೀಳುವುದು ಅನಿವಾರ್ಯವಾಗಿತ್ತು. ಹಾಗಾದರೆ ಅದು ಅಳೆಯುತ್ತಿದ್ದುದು ಏನನ್ನು? ಕಾಲವನ್ನಲ್ಲ, ಹವೆಯನ್ನು. ದೆಲುಕನಾದರೋ ತನ್ನ ಕಂಬವನ್ನು ಹವೆಯ ವಿದ್ಯುತ್ಸ್ಥಿತಿಯನ್ನು ತೋರಿಸುವ ಉಪಕರಣವೆಂದೇ ಭಾವಿಸಿದ್ದನು. ಗಡಿಯಾರಕ್ಕೆ ದೋಷವಾದುದು ಹವಾಮಾಪಕಕ್ಕೆ ಗುಣವಾಗಿ ತೋರಿತು.

ಇದೇ ರೊನಾಲ್ಡ್ಸನು ೧೮೧೬ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಭಾಗದಲ್ಲಿದ್ದ ತನ್ನ ತೋಟದಲ್ಲಿ ಎಂಟು ಮೈಲಿ ಉದ್ದದ ತಂತಿಯನ್ನು ಹೆಣೆದು ವಿದ್ಯುತ್ತಂತಿ ವರ್ತಮಾನದ ಯಂತ್ರವನ್ನು ತೋರಿಸಿದುದೂ, ಬ್ರಿಟಿಷ್ ನೌಕಾಖಾತೆಯು ಅದು ತನಗೆ ಅನಾವಶ್ಯಕವೆಂದು ಉತ್ತರವಿತ್ತುದೂ ಪ್ರಸಿದ್ಧವಾಗಿದೆ. ಆ ತಂತಿಯ ಎರಡು ಕೊನೆಗಳಲ್ಲಿಯೂ ಒಂದೇ ಸಮನಾಗಿ ತಿರುಗುವ ಗಡಿಯಾರದ ತಟ್ಟೆಗಳಿದ್ದುವು. ದೂರದೂರದ ಗಡಿಯಾರಗಳು ಒಂದೇ ಕಾಲವನ್ನು ತೋರಿಸಬೇಕೆಂಬ ಅವಶ್ಯಕತೆಯು ತಂತಿಯೊಡನೆಯೇ ಹುಟ್ಟಿತೆಂಬುದು ಇದರಿಂದ ತಿಳಿಯುತ್ತದೆ.

ಒಣ ಕಂಬವು ನಿಜವಾಗಿ ಒಣಗಿದುದೇ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ಹೇಳಬಹುದು. ಸಾಮಾನ್ಯವಾದ ಕಾಗದವು ಮುಟ್ಟಿದರೆ ಒಣಗಿದಂತೆ ತೋರಿದರೂ ಗಾಳಿಯಿಂದ ಹೀರಿಕೊಂಡ ತೇವವನ್ನು ತನ್ನ ನಾರುಗಳಲ್ಲಿ ಹಿಡಿದಿರುತ್ತದೆ. ಆ ಕಾಗದವನ್ನು ಕಾಯಿಸಿ ತೇವವನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಕಂಬವು ಸತ್ತಂತಾಗುತ್ತದೆ. ಒಣ ಕಂಬವು ಒಣಗಿದುದರಿಂದ ನಡೆಯುತ್ತಿರಲಿಲ್ಲ. ಪೂರ್ತಿ ಒಣಗದೆ ಉಳಿದುದರಿಂದ ನಡೆಯುತ್ತಿತ್ತು. ಗಂಧಕದ ಲೇಪದ ಪ್ರಯೋಜನವೂ ಇದೇ: ಒಳಗಿನ ತೇವವು ಹೊರಗೆ ಹೋಗದಂತೆ, ಹೊರಗಿನ ತೇವವು ಮೈಮೇಲೆ ಕೂತು ವಿದ್ಯುತ್ತನ್ನು ಸೋರಿಸದಂತೆ ಅದು ಕಾಪಾಡುತ್ತದೆ. ನಿರಪೇಕ್ಷವೆಂದು ಹೆಸರಾದ ಕಂಬವು ಹೀಗೆ ಕಣ್ಣಿಗೆ ಕಾಣದಷ್ಟು ನೀರನ್ನು ಅಪೇಕ್ಷಿಸುತ್ತಲೇ ಇತ್ತು.

೪

ಒಣ ಕಂಬದ ಆಯುಸ್ಸಿಗೆ ಪರಮೋದಾಹರಣೆಯು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಲಾರೆಂಡನ್ ಪ್ರಯೋಗಶಾಲೆಯಲ್ಲಿದೆ. ವಾಟ್ಕಿನ್ ಮತ್ತು ಹಿಲ್ ಎಂಬ ಲಂಡನ್ನಿನ ಉಪಕರಣಕಾರರು ಮಾಡಿದ ಈ ಯಂತ್ರವನ್ನು ಅಲ್ಲಿಯ ಅಧ್ಯಾಪಕನಾದ ರಾಬರ್ಟ್ ವಾಕರನು ಸಂಪಾದಿಸಿದನು. ೧೮೪೦ರಲ್ಲಿ ಸ್ಥಾಪಿತವಾಯಿತೆಂಬ ಅವನ ಕೈಬರಹದ ಚೀಟಿಯು ಅದಕ್ಕೆ ಅಂಟಿದೆ. ಗಂಧಕವನ್ನು ಬಳಿದ ಎರಡು ಕಂಬಗಳು; ಪ್ರತಿಯೊಂದರ ಕೆಳಗೂ ಒಂದು ಗಂಟೆ; ನಡುವೆ ರೇಷ್ಮೆಯೆಳೆಯಷ್ಟು ಹಗುರವಾಗಿ ತೂಗುವ, ಸುಮಾರು ನಾಲ್ಕು ಮಿಲಿಮೀಟರು ವ್ಯಾಸದ ಲೋಹದ ಗುಂಡು. ಈ ಗುಂಡು ಸೆಕೆಂಡಿಗೆ ಸುಮಾರು ಎರಡು ಆವೃತ್ತಿಯಂತೆ ಎರಡು ಗಂಟೆಗಳ ನಡುವೆ ಓಡಾಡುತ್ತ, ಗಾಳಿಯ ತೇವ ಹೆಚ್ಚಾದಾಗ ನಡುನಡುವೆ ಸ್ವಲ್ಪ ಕಾಲ ನಿಂತುದನ್ನು ಬಿಟ್ಟರೆ, ಅಂದಿನಿಂದ ಇಂದಿನವರೆಗೂ ನಡೆದುಬಂದಿದೆ. ಇದುವರೆಗಿನ ಬಡಿತಗಳ ಸಂಖ್ಯೆ ಸಾವಿರ ಕೋಟಿಯನ್ನು ಮೀರಿದೆಯೆಂದು ಲೆಕ್ಕ. ಮುಚ್ಚಿದ ಗಾಜಿನ ಬುರುಡೆಗಳ ಕಾರಣ ನಾದವು ಹೊರಗೆ ಕೇಳಿಸುವುದಿಲ್ಲ. ಕಂಬದ ಒಳಗೆ ನಿಶ್ಚಯವಾಗಿ ಏನಿದೆಯೆಂಬುದನ್ನು ತಿಳಿಯಬೇಕಾದರೆ ಅದನ್ನು ಒಡೆಯಬೇಕು; ಒಡೆದರೆ ಪ್ರಯೋಗವೇ ಮುಗಿಯುತ್ತದೆ. ಆದ್ದರಿಂದ ಅದು ಜಾಂಬೋನಿಯ ಕಂಬದ ಜಾತಿಯದೆಂದು ಊಹಿಸುವುದರಲ್ಲಿಯೇ ವಿದ್ವಾಂಸರು ತೃಪ್ತರಾಗಿದ್ದಾರೆ.

ಇಷ್ಟು ದೀರ್ಘಾಯುಸ್ಸಿಗೆ ಕಾರಣವೇನು? ಕಂಬದಲ್ಲಿ ಅಕ್ಷಯವಾದ ನಿಧಿಯಿರುವುದೇ? ಲೆಕ್ಕ ಹಾಕಿ ನೋಡಿದರೆ ಸಂಗತಿಯು ಬೇರೆಯಾಗಿ ಕಾಣುತ್ತದೆ. ಗುಂಡಿನ ಓಡಾಟಕ್ಕೆ ತಗಲುವ ಪ್ರವಾಹವು ಸರಾಸರಿ ಒಂದು ಆಂಪೇರಿನ ನೂರು ಕೋಟಿಯಲ್ಲೊಂದು ಭಾಗದಷ್ಟು. ೧೮೦ ವರ್ಷಗಳಲ್ಲಿ ಸುಮಾರು ೫೭೦ ಕೋಟಿ ಸೆಕೆಂಡುಗಳಿವೆ. ಇವೆರಡನ್ನೂ ಗುಣಿಸಿದರೆ, ಅಷ್ಟು ಕಾಲದಲ್ಲಿ ಕಂಬದ ಮೂಲಕ ಹರಿದ ಒಟ್ಟು ವಿದ್ಯುತ್ತು ಆರು ಕೂಲಂಬಿಗಿಂತ ಕಡಮೆ. ಅಂದರೆ ಒಂದು ಆಂಪೇರನ್ನು ಎಳೆಯುವ ದೀಪವೊಂದರಲ್ಲಿ ಆರು ಸೆಕೆಂಡಿನಲ್ಲಿ ಹರಿದುಹೋಗುವಷ್ಟು. ಬಿಲ್ಲೆಯ ಲೋಹವು ಸತುವೆಂದಿಟ್ಟುಕೊಂಡರೆ, ಒಂದೊಂದು ಬಿಲ್ಲೆಯಲ್ಲಿಯೂ ಈ ಕಾರ್ಯಕ್ಕಾಗಿ ಸವೆದಿರುವುದು ಸುಮಾರು ಎರಡು ಮಿಲಿಗ್ರಾಮು. ಹೀಗೆ ಈ ಯಂತ್ರದ ದೀರ್ಘಾಯುಸ್ಸು ಸಂಪತ್ತಿನ ಫಲವಲ್ಲ, ಮಿತವ್ಯಯದ ಫಲ. ಸವೆಯುವುದು ಎಷ್ಟೇ ನಿಧಾನವಾದರೂ ಸವೆಯುವುದು ನಿಶ್ಚಯ. ಒಂದು ದಿನ ಕಂಬವು ಬರಿದಾಗುವುದು, ಇಲ್ಲವೆ ಅದಕ್ಕೂ ಮೊದಲೇ ಗುಂಡು ತೇಯ್ದುಹೋಗುವುದು. ‘ನಿತ್ಯ’ವೆಂಬ ಪದವು ಇಲ್ಲಿ ಔಪಚಾರಿಕವಾದುದೇ ಹೊರತು ವಾಸ್ತವವಾದುದಲ್ಲ.

ಇದಲ್ಲದೆ, ಇಷ್ಟು ಕಾಲ ನಡೆದರೂ ಆಕ್ಸ್‌ಫರ್ಡಿನ ಗಂಟೆಯನ್ನು ನೋಡಿ ಯಾರೂ ಹೊತ್ತನ್ನು ತಿಳಿಯುವುದಿಲ್ಲ. ಅದರ ಬಡಿತದ ವೇಗವು ಕಂಬದ ಬಲವನ್ನೂ ಹವೆಯನ್ನೂ ಅನುಸರಿಸಿ ಬದಲಾಗುವುದರಿಂದ ಅದು ಗಡಿಯಾರದ ಪದವಿಗೆ ಅರ್ಹವಲ್ಲ. ಆಯುಸ್ಸಿನಲ್ಲಿ ಅದಕ್ಕೆ ಸಮಾನವಾದುದಿಲ್ಲ. ನಿಯಮದಲ್ಲಿ ಹಳ್ಳಿಯ ಘಟಿಕಾಪಾತ್ರೆಯೂ ಅದಕ್ಕಿಂತ ಮೇಲು.

೫

ಆಕ್ಸ್‌ಫರ್ಡಿನ ಗಂಟೆಯನ್ನು ನಿಲ್ಲಿಸಿದ ವರ್ಷದಲ್ಲಿಯೇ, ಅಂದರೆ ೧೮೪೦ರಲ್ಲಿ, ಲಂಡನ್ನಿನಲ್ಲಿ ಬೇರೊಂದು ಮಾರ್ಗವು ಹುಟ್ಟಿತು. ಅದರ ಕರ್ತೃವು ಅಲೆಕ್ಸಾಂಡರ್ ಬೇನ್. ಸ್ಕಾಟ್ಲೆಂಡಿನ ಉತ್ತರದ ಕೊನೆಯಲ್ಲಿ, ಕೇತ್ನೆಸ್ ಸೀಮೆಯ ವಾಟನ್ ಎಂಬಲ್ಲಿ, ಬಡ ಒಕ್ಕಲಿಗನ ಮನೆಯಲ್ಲಿ ೧೮೧೦ರಲ್ಲಿ ಅವನು ಹುಟ್ಟಿದನು. ಶಾಲೆಯ ಓದು ಸ್ವಲ್ಪ. ವಿಕ್ ಪಟ್ಟಣದ ಗಡಿಯಾರದವನಲ್ಲಿ ಕೆಲಸ ಕಲಿತನು. ೧೮೩೦ರಲ್ಲಿ ಥರ್ಸೋ ಊರಿನಲ್ಲಿ ಒಂದು ಪೆನ್ನಿಯ ದರ ಕೊಟ್ಟು ಕೇಳಿದ ವಿದ್ಯುತ್ತಿನ ಉಪನ್ಯಾಸವೊಂದು ಅವನ ಜೀವನದ ದಿಕ್ಕನ್ನು ಬದಲಿಸಿತು. ೧೮೩೭ರಲ್ಲಿ ಲಂಡನ್ನಿಗೆ ಬಂದು, ಹಗಲು ಗಡಿಯಾರದ ಕೂಲಿಕೆಲಸವನ್ನು ಮಾಡುತ್ತ, ಬಿಡುವಿನಲ್ಲಿ ವಿಜ್ಞಾನದ ಉಪನ್ಯಾಸಗಳನ್ನು ಕೇಳುತ್ತ, ವಿದ್ಯುತ್ತಿನಿಂದ ಗಡಿಯಾರವನ್ನು ನಡೆಸುವ ಉಪಾಯವನ್ನು ಕಂಡುಕೊಂಡನು.

ಒಣ ಕಂಬದ ಗಡಿಯಾರಗಳಲ್ಲಿ ಲೋಲಕವನ್ನು ತೂಗಿದುದು ಸ್ಥಿರವಿದ್ಯುತ್ತಿನ ಸೆಳೆತ. ಬೇನನು ಆರಿಸಿಕೊಂಡುದು ವಿದ್ಯುತ್ತಿನ ಪ್ರವಾಹದಿಂದ ಹುಟ್ಟುವ ಕಾಂತಬಲವನ್ನು. ಅವನ ಗಡಿಯಾರದ ಪಕ್ವವಾದ ರೂಪದಲ್ಲಿ ಲೋಲಕದ ಗುಂಡೇ ತಾಮ್ರದ ತಂತಿಯ ಟೊಳ್ಳು ಸುರುಳಿ. ಅದು ತೂಗುವ ದಾರಿಯಲ್ಲಿ ಎರಡೂ ಕಡೆ ಸ್ಥಿರವಾದ ಅಯಸ್ಕಾಂತಗಳಿರುತ್ತವೆ. ಲೋಲಕವು ತೂಗುತ್ತ ಒಂದು ಹಗುರವಾದ ಜಾರುಪಟ್ಟಿಯನ್ನು ಆಚೆಗೂ ಈಚೆಗೂ ಸರಿಸುತ್ತದೆ. ಅದರಿಂದ ಪ್ರವಾಹವು ಒಮ್ಮೆ ಕೂಡಿ ಒಮ್ಮೆ ಕಡಿಯುತ್ತದೆ. ಕೂಡಿದಾಗ ಸುರುಳಿಯು ಅಯಸ್ಕಾಂತವಾಗಿ ನೂಕಲ್ಪಡುತ್ತದೆ. ಸಾಮಾನ್ಯ ಗಡಿಯಾರದಲ್ಲಿ ಚಕ್ರಗಳು ಲೋಲಕವನ್ನು ನಡೆಸುತ್ತವೆ. ಬೇನನಲ್ಲಿ ಲೋಲಕವೇ ಚಕ್ರಗಳನ್ನು ನಡೆಸಿತು. ಕೀಲಿಯೂ ತೂಕವೂ ಇಲ್ಲವಾದುವು.

ಪ್ರವಾಹವು ಎಲ್ಲಿಂದ ಬರಬೇಕು? ಇಲ್ಲಿಯೇ ಬೇನನ ಪ್ರತಿಭೆಯು ವಿಶೇಷವಾಗಿ ಬೆಳಗಿದೆ. ನೀರಿನ ಮೂಲಕವೂ ನೆಲದ ಮೂಲಕವೂ ವಿದ್ಯುತ್ತನ್ನು ಹರಿಸುವ ಪ್ರಯೋಗಗಳನ್ನು ಮಾಡುತ್ತಿದ್ದಾಗ, ತೇವವಾದ ಮಣ್ಣಿನಲ್ಲಿ ಸತುವಿನ ಫಲಕವೊಂದನ್ನೂ ತಾಮ್ರದ ಫಲಕವೊಂದನ್ನೂ ಹೂತು ಎರಡನ್ನೂ ತಂತಿಯಿಂದ ಸೇರಿಸಿದರೆ ತಂತಿಯಲ್ಲಿ ತಾನಾಗಿಯೇ ಪ್ರವಾಹವು ಹರಿಯುವುದನ್ನು ಅವನು ಗಮನಿಸಿದನು. ತಾಮ್ರಕ್ಕೆ ಬದಲಾಗಿ ಕೋಕ್ ಎಂಬ ಸುಟ್ಟ ಕಲ್ಲಿದ್ದಲನ್ನೂ ಉಪಯೋಗಿಸಬಹುದಾಗಿತ್ತು. ಮಣ್ಣಿನ ತೇವವೂ ಅದರಲ್ಲಿ ಕರಗಿದ ಲವಣಗಳೂ ವೋಲ್ಟಾನ ಉಪ್ಪುನೀರಿನ ಸ್ಥಾನವನ್ನು ವಹಿಸಿದುವು. ಈ ಭೂಕೋಶವನ್ನು ಬೇನನು ೧೮೪೩ರ ತನ್ನ ಪೇಟೆಂಟಿನಲ್ಲಿ ಸೇರಿಸಿದನು. ಮನೆಯ ಹಿತ್ತಿಲಿನಲ್ಲಿ ಗುಂಡಿ ತೋಡಿ, ಎರಡು ಫಲಕಗಳನ್ನು ಹೂತು, ತಂತಿಯನ್ನು ಒಳಗಿನ ಗೋಡೆಯ ಗಡಿಯಾರಕ್ಕೆ ತಂದರೆ ಸಾಕಾಗುತ್ತಿತ್ತು. ಭೂಕೋಶದ ಬಲ ಸುಮಾರು ಒಂದು ವೋಲ್ಟು ಮಾತ್ರ. ಆದರೆ ಬೇನನ ಲೋಲಕವು ಅಷ್ಟರಿಂದಲೇ ನಡೆಯಿತು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಜಾಂಬೋನಿಯು ಅಪೇಕ್ಷೆಯನ್ನು ಗಂಧಕದೊಳಗೆ ಮುಚ್ಚಿಟ್ಟನು. ಬೇನನು ಅದನ್ನು ಬಹಿರಂಗವಾಗಿ ನೆಲಕ್ಕೆ ಒಪ್ಪಿಸಿದನು. ಸತುವು ಸವೆಯುತ್ತದೆ, ಬೇಸಗೆಯಲ್ಲಿ ಮಣ್ಣು ಒಣಗುತ್ತದೆ, ಆಗ ನೀರು ಹಾಕಬೇಕು, ಕೆಲವು ವರ್ಷಗಳಾದ ಮೇಲೆ ಫಲಕವನ್ನು ಬದಲಿಸಬೇಕು. ಈ ಯಂತ್ರವು ಸಾಪೇಕ್ಷವೆಂಬುದರಲ್ಲಿ ಮುಚ್ಚುಮರೆಯಿಲ್ಲ. ಭಾಸ್ಕರಾಚಾರ್ಯರು ಇದನ್ನು ಕಂಡಿದ್ದರೆ ಗ್ರಾಮ್ಯವೆಂದೇ ಎನ್ನುತ್ತಿದ್ದರು.

೬

ಬೇನನ ಪ್ರಥಮತ್ವವು ವಿವಾದಗ್ರಸ್ತವಾಗಿದ್ದುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಬೇಕಾಗಿದೆ. ೧೮೪೦ನೆಯ ಆಗಸ್ಟಿನಲ್ಲಿ, ಹಣದ ಅಡಚಣೆಯಿಂದ, ಬೇನನು ತನ್ನ ಮಾದರಿಗಳನ್ನು ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕನೂ ತಂತಿವರ್ತಮಾನದಲ್ಲಿ ಆಗಲೇ ಪ್ರಸಿದ್ಧನೂ ಆಗಿದ್ದ ಚಾರ್ಲ್ಸ್ ವೀಟ್‌ಸ್ಟನ್ನನಿಗೆ ತೋರಿಸಿದನು. ವಿದ್ಯುದ್ಗಡಿಯಾರದ ವಿಚಾರವನ್ನು ಮುಂದುವರಿಸಬೇಕಾದುದಿಲ್ಲವೆಂದು ಪ್ರಾಧ್ಯಾಪಕನು ಬುದ್ಧಿ ಹೇಳಿದನೆಂಬುದು ಬೇನನ ಹೇಳಿಕೆ. ಬೇನನು ಆ ಮಾತನ್ನು ನಂಬಿ ಕೂಡದೆ, ಜಾನ್ ಬಾರ್ವೈಸ್ ಎಂಬ ಗಡಿಯಾರಕಾರನೊಡನೆ ಸೇರಿ ಅಕ್ಟೋಬರ್ ೧೦ರಂದು ಪೇಟೆಂಟಿಗೆ ಅರ್ಜಿ ಹಾಕಿದನು. ನವೆಂಬರ್ ೨೬ರಂದು ವೀಟ್‌ಸ್ಟನ್ನನು ರಾಯಲ್ ಸೊಸೈಟಿಯಲ್ಲಿ ವಿದ್ಯುದ್ಗಡಿಯಾರವನ್ನು ತನ್ನದೆಂದು ಪ್ರದರ್ಶಿಸಿದನು. ಎರಡು ದಿನಾಂಕಗಳ ನಡುವಣ ಅಂತರ ೪೭ ದಿನಗಳು. ಪೇಟೆಂಟು ೧೮೪೧ನೆಯ ಜನವರಿ ೧೧ರಂದು ಮಂಜೂರಾಯಿತು.

ಈ ವಿವಾದವು ಮುಂದೆ, ವೀಟ್‌ಸ್ಟನ್ನನ ಪೇಟೆಂಟುಗಳನ್ನು ಆಧಾರವಾಗುಳ್ಳ ತಂತಿ ಕಂಪನಿಯೊಂದರ ಮಸೂದೆಯು ಪಾರ್ಲಿಮೆಂಟಿಗೆ ಬಂದಾಗ, ಶ್ರೀಮಂತರ ಸಭೆಯ ಸಮಿತಿಯ ಮುಂದೆ ವಿಚಾರಣೆಗೆ ಬಂದಿತು. ಬೇನನ ಸಾಕ್ಷ್ಯವನ್ನು ಕೇಳಿದ ಮೇಲೆ ಕಂಪನಿಯು ಅವನೊಡನೆ ರಾಜಿಯಾಗಿ ಹಣವನ್ನು ಕೊಟ್ಟಿತು. ದಿನಾಂಕಗಳ ಪ್ರಮಾಣವೂ ವಿಚಾರಣೆಯ ಫಲವೂ ಬೇನನ ಪಕ್ಷದಲ್ಲಿಯೇ ಇವೆ. ಆದರೆ ವಿದ್ಯುತ್ತಿನ ಗಡಿಯಾರವೆಂಬುದನ್ನೇ ಬೇನನು ಮೊದಲು ಮಾಡಿದನೆಂದು ಹೇಳುವುದು ಅತಿವ್ಯಾಪ್ತಿದೋಷಕ್ಕೆ ಒಳಗಾಗುತ್ತದೆ. ರೊನಾಲ್ಡ್ಸ್, ರಾಮಿಸರ ಯಂತ್ರಗಳು ಅವನಿಗಿಂತ ೨೫ ವರ್ಷ ಹಿಂದಿನವು. ಮ್ಯೂನಿಕ್ಕಿನ ಸ್ಟೈನ್‌ಹೈಲನೂ ೧೮೩೯ರಲ್ಲಿಯೇ ಒಂದು ಮೂಲ ಗಡಿಯಾರದಿಂದ ಇತರ ಗಡಿಯಾರಗಳನ್ನು ವಿದ್ಯುತ್ತಿನಿಂದ ನಡೆಸುವ ವಿಧಾನವನ್ನು ರೂಪಿಸಿದ್ದನು. ಆದ್ದರಿಂದ ನಿರ್ಣಯವನ್ನು ಹೀಗೆ ಮಾಡುವುದು ಯುಕ್ತ: ಸ್ಥಿರವಿದ್ಯುತ್ತಿನ ಗಡಿಯಾರಕ್ಕೆ ಒಣ ಕಂಬದವರು ಪ್ರಥಮರು, ಭೂಕೋಶದ ಪ್ರವಾಹದಿಂದ ಲೋಲಕವನ್ನು ನಡೆಸಿ, ಬಹುಕಾಲ ಕೀಲಿಯಿಲ್ಲದೆ ನಡೆಯುವ ಗೃಹೋಪಯೋಗಿ ಗಡಿಯಾರವನ್ನು ಜನರ ಮುಂದಿಟ್ಟ ಕೀರ್ತಿ ಬೇನನದು.

ಆ ಕೀರ್ತಿಯು ಅವನಿಗೆ ಅನ್ನವನ್ನು ಕೊಡಲಿಲ್ಲ. ಎಡಿನ್‌ಬರೋದಲ್ಲಿ ಗಡಿಯಾರಗಳನ್ನು ಮಾಡಿ ಮಾರಿದನು. ೧೮೫೨ರಲ್ಲಿ ವಿದ್ಯುದ್ಗಡಿಯಾರದ ಸಂಕ್ಷಿಪ್ತ ಇತಿಹಾಸವೊಂದನ್ನು ತಾನೇ ಬರೆದು ಪ್ರಕಟಿಸಿದನು. ಅಮೆರಿಕದಲ್ಲಿ ತಂತಿವರ್ತಮಾನದ ಹಕ್ಕುಗಳಿಗಾಗಿ ವ್ಯಾಜ್ಯವಾಡಿ ಬಂದ ಹಣವನ್ನು ಕಳೆದುಕೊಂಡನು. ೧೮೭೩ರಲ್ಲಿ ವರ್ಷಕ್ಕೆ ೮೦ ಪೌಂಡುಗಳ ರಾಜವೇತನವು ದೊರೆಯಿತು. ೧೮೭೭ರಲ್ಲಿ, ಗ್ಲಾಸ್ಗೋ ನಗರಕ್ಕೆ ಸಮೀಪದ ಕರ್ಕಿಂಟಿಲಾಕ್ ಎಂಬಲ್ಲಿಯ ರೋಗಿಗಳ ಆಶ್ರಯವೊಂದರಲ್ಲಿ ಅವನು ತೀರಿಕೊಂಡನು.

೭

ಬೇನನ ಗಡಿಯಾರವೂ ನಿರ್ದೋಷವಾದುದಲ್ಲ. ಜಾರುಪಟ್ಟಿಯನ್ನು ಪ್ರತಿಸಲವೂ ತಳ್ಳಬೇಕಾದುದರಿಂದ ಲೋಲಕಕ್ಕೆ ಘರ್ಷಣೆಯ ತೊಡಕು ಇತ್ತು. ಅದಕ್ಕಿಂತ ಮುಖ್ಯವಾಗಿ, ಮಣ್ಣು ಒದ್ದೆಯಾದಾಗ ಪ್ರವಾಹವು ಹೆಚ್ಚಿ ಲೋಲಕವು ಅಗಲವಾಗಿಯೂ, ಒಣಗಿದಾಗ ಕುಗ್ಗಿ ಸಣ್ಣದಾಗಿಯೂ ತೂಗುತ್ತಿತ್ತು. ಲೋಲಕದ ತೂಗಾಟವು ಅಗಲವಾದಷ್ಟೂ ಒಂದೊಂದು ತೂಗಿಗೆ ತಗಲುವ ಕಾಲವು ಸ್ವಲ್ಪ ಹೆಚ್ಚುತ್ತದೆಂಬುದು ಹೈಗೆನ್ಸನ ಕಾಲದಿಂದಲೂ ತಿಳಿದ ವಿಷಯ. ಹೀಗೆ ಹಿತ್ತಿಲಿನಲ್ಲಿ ಬಿದ್ದ ಮಳೆಯು ಗೋಡೆಯ ಮೇಲಿನ ಕಾಲವನ್ನು ಕದಲಿಸುತ್ತಿತ್ತು. ರೊನಾಲ್ಡ್ಸನ ಕಷ್ಟವ್ಯಾವುದೋ ಬೇನನದೂ ಅದೇ.

ಪರಿಹಾರವು ಎರಡು ಕಡೆಗಳಿಂದ ಬಂದಿತು. ಮೊದಲನೆಯದು ಕೋಶದ ಸುಧಾರಣೆ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆಯು ೧೮೬೬ರಲ್ಲಿ ಪ್ರಕಟಿಸಿದ ಕೋಶದಲ್ಲಿ ಗಾಜಿನ ಜಾಡಿಯೊಳಗೆ ನವಸಾಗರದ ನೀರು, ಅದರಲ್ಲಿ ಸತುವಿನ ಕಡ್ಡಿ, ಎದುರಿಗೆ ಮ್ಯಾಂಗನೀಸ್ ಡೈಆಕ್ಸೈಡಿನಿಂದ ಸುತ್ತುವರಿದ ಇದ್ದಲಿನ ಕಂಬ ಇವು ಇದ್ದುವು. ಜಾಂಬೋನಿಯು ಜೇನಿನಲ್ಲಿ ಕಲಸಿ ಕಾಗದಕ್ಕೆ ಬಳಿದ ಕಪ್ಪು ಪುಡಿಯೇ ಇಲ್ಲಿ ಮತ್ತೆ ಕಾಣಿಸಿಕೊಂಡಿತು. ಸ್ವಲ್ಪಸ್ವಲ್ಪವಾಗಿ ಪ್ರವಾಹವನ್ನು ತೆಗೆದು ಮಧ್ಯೆ ವಿಶ್ರಾಂತಿಯನ್ನು ಕೊಟ್ಟರೆ ಈ ಕೋಶವು ತಿಂಗಳುಗಟ್ಟಲೆ ನಡೆಯುತ್ತದೆ. ನೀರು ಇಂಗಿದಾಗ ನೀರನ್ನೂ, ಕಡ್ಡಿ ಸವೆದಾಗ ಕಡ್ಡಿಯನ್ನೂ ಮನೆಯವರೇ ಹಾಕಿಕೊಳ್ಳಬಹುದಾದುದರಿಂದ ಕರೆಗಂಟೆಗಳಿಗೂ ಗಡಿಯಾರಗಳಿಗೂ ಇದೇ ಬಹುಕಾಲ ಆಧಾರವಾಯಿತು. ಇಂದಿನ ಸಾಮಾನ್ಯ ಒಣ ಬ್ಯಾಟರಿಯು ಇದರ ಸಂತತಿಯೇ.

ಎರಡನೆಯದು, ಮತ್ತು ಹೆಚ್ಚು ತಾತ್ತ್ವಿಕವಾದುದು, ಲೋಲಕವನ್ನು ಕೋಶದ ಏರಿಳಿತದಿಂದ ಬಿಡಿಸುವ ಉಪಾಯ. ಸ್ವಿಟ್ಸರ್ಲೆಂಡಿನ ನ್ಯೂಶಾಟೆಲಿನಲ್ಲಿ ಕಾರ್ಖಾನೆಯನ್ನು ನಡೆಸಿದ ಮಾತ್ತೇಯಸ್ ಹಿಪ್ ಎಂಬ ಯಂತ್ರಕಾರನು ಲೋಲಕಕ್ಕೆ ಒಂದು ಸಣ್ಣ ಅಲಗನ್ನು ಜೋಡಿಸಿದನು. ತೂಗಾಟವು ಸಾಕಷ್ಟು ಅಗಲವಾಗಿರುವವರೆಗೂ ಆ ಅಲಗು ಒಂದು ಕಚ್ಚಿನ ಮೇಲೆ ಸುಮ್ಮನೆ ಜಾರಿಹೋಗುತ್ತದೆ. ತೂಗಾಟವು ಒಂದು ಮಿತಿಗಿಂತ ಕುಗ್ಗಿದಾಗ ಮಾತ್ರ ಕಚ್ಚಿಗೆ ಸಿಕ್ಕಿ ಪ್ರವಾಹವನ್ನು ಕೂಡಿಸಿ ಒಂದೇ ಒಂದು ನೂಕನ್ನು ಕೊಡಿಸುತ್ತದೆ. ಕೋಶವು ಬಲವಾಗಿದ್ದರೆ ನೂಕುಗಳು ಅಪರೂಪ, ದುರ್ಬಲವಾಗಿದ್ದರೆ ಅಡಿಗಡಿಗೆ. ಆದರೆ ತೂಗಾಟದ ಅಗಲವು ಎರಡೂ ಸಂದರ್ಭಗಳಲ್ಲಿ ಹೆಚ್ಚುಕಡಮೆ ಒಂದೇ. ಹಸಿದಾಗ ಮಾತ್ರ ಉಣ್ಣುವವನ ಆರೋಗ್ಯದಂತೆ ಈ ಗಡಿಯಾರದ ನಿಯಮವು ಸ್ಥಿರವಾಯಿತು.

ಈ ದಾರಿಯ ಕೊನೆಯಲ್ಲಿರುವುದು ೧೯೨೧ರಲ್ಲಿ ಎಡಿನ್‌ಬರೋ ಖಗೋಳವೀಕ್ಷಣಾಲಯದಲ್ಲಿ ಸ್ಥಾಪಿತವಾದ ವಿಲಿಯಂ ಹ್ಯಾಮಿಲ್ಟನ್ ಶಾರ್ಟನ ಗಡಿಯಾರ. ಅದರ ಮುಖ್ಯ ಲೋಲಕವು ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ತೂಗುತ್ತದೆ. ಮುಳ್ಳುಗಳನ್ನು ತಿರುಗಿಸುವ ಕೆಲಸವು ಅದಕ್ಕಿಲ್ಲ, ಅದನ್ನು ಸೇವಕ ಗಡಿಯಾರವೊಂದು ಮಾಡುತ್ತದೆ. ಮೂವತ್ತು ಸೆಕೆಂಡಿಗೊಮ್ಮೆ ಮಾತ್ರ ಒಂದು ಮೃದುವಾದ ನೂಕು ಅದಕ್ಕೆ ದೊರೆಯುತ್ತದೆ. ಆ ನೂಕನ್ನು ಕೊಡುವುದು ವಿದ್ಯುತ್ತಲ್ಲ, ಬೀಳುವ ಒಂದು ಸಣ್ಣ ಭಾರ. ವಿದ್ಯುತ್ತಿಗೆ ಆ ಭಾರವನ್ನು ಮತ್ತೆ ಮೇಲಕ್ಕೆತ್ತುವ ಕೆಲಸ ಮಾತ್ರ. ಹೀಗಾಗಿ ಬ್ಯಾಟರಿಯ ಬಲವು ಹೆಚ್ಚಿದರೂ ಕುಂದಿದರೂ ಲೋಲಕಕ್ಕೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಅದರ ದೋಷವು ವರ್ಷಕ್ಕೆ ಒಂದು ಸೆಕೆಂಡಿನಷ್ಟು ಮಾತ್ರವಾದುದರಿಂದ, ಸ್ಫಟಿಕದ ಗಡಿಯಾರಗಳು ಬರುವವರೆಗೂ ಗ್ರೀನಿಚ್ ಮೊದಲಾದ ವೀಕ್ಷಣಾಲಯಗಳಲ್ಲಿ ಅದೇ ಪ್ರಮಾಣವಾಗಿತ್ತು.

೮

ಮೇಲಿನ ಪರಿಶೀಲನೆಯಿಂದ ಸಿದ್ಧವಾಗುವುದಿಷ್ಟು. ನಿರಪೇಕ್ಷ ಸ್ವಯಂವಹವೆಂಬುದು ಎಲ್ಲಿಯೂ ಇಲ್ಲ. ಪಾದರಸದ ಚಕ್ರವು ನಡೆಯಲಿಲ್ಲ. ಒಣ ಕಂಬವು ತೇವವನ್ನೂ ಲೋಹವನ್ನೂ ಅಪೇಕ್ಷಿಸಿಯೇ ನಡೆಯಿತು. ಆಕ್ಸ್‌ಫರ್ಡಿನ ಗಂಟೆಯ ದೀರ್ಘಾಯುಸ್ಸು ಅಪೇಕ್ಷೆಯ ಅಭಾವವಲ್ಲ, ಅಪೇಕ್ಷೆಯ ಅಲ್ಪತ್ವ. ಅಪೇಕ್ಷೆಯನ್ನು ಅಲ್ಲಗಳೆದ ಯಂತ್ರಗಳು ಬಹುಕಾಲ ಓಡಿದರೂ ಕಾಲವನ್ನು ಹೇಳಲಾರದೆ ಹೋದುವು. ತನಗೆ ಏನು ಬೇಕು, ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ನಿಷ್ಕರ್ಷಿಸಿಕೊಂಡ ಯಂತ್ರಗಳೇ, ಬೇನನಿಂದ ಹಿಪ್ಪನಿಗೂ ಹಿಪ್ಪನಿಂದ ಶಾರ್ಟನಿಗೂ ಕ್ರಮವಾಗಿ ಶುದ್ಧವಾಗುತ್ತ, ಕಾಲದ ಸಾಕ್ಷಿಗಳಾದುವು.

ಭಾಸ್ಕರಾಚಾರ್ಯರ ವಿಭಾಗವು ಹಾಗಾದರೆ ಬಿದ್ದುಹೋಯಿತೇ? ಹಾಗೆ ಹೇಳಲಾಗುವುದಿಲ್ಲ. ಸಾಪೇಕ್ಷವಾದುದನ್ನು ಅವರು ಕೀಳೆಂದು ಎಣಿಸಿದುದು ಮಾತ್ರ ತಿದ್ದಿಕೊಳ್ಳತಕ್ಕದ್ದು. ಯಂತ್ರವು ಯಾವುದನ್ನು ಆಶ್ರಯಿಸಿದೆಯೆಂದು ಕೇಳಲೇಬೇಕೆಂಬ ಅವರ ಆಗ್ರಹವು ಇಂದಿಗೂ ಸರಿಯಾದುದೇ. ಅವರು ಗ್ರಾಮ್ಯವೆಂದು ತಳ್ಳಿದ ಜಾತಿಯಲ್ಲಿಯೇ, ಹಿತ್ತಿಲಿನ ಮಣ್ಣಿನಲ್ಲಿ ಹೂತ ಎರಡು ಫಲಕಗಳಿಂದ, ಒಬ್ಬ ಒಕ್ಕಲಿಗನ ಮಗನು ಕೀಲಿಯಿಲ್ಲದ ಗಡಿಯಾರವನ್ನು ನಡೆಸಿ ತೋರಿಸಿದನೆಂಬುದನ್ನು ಯಂತ್ರಶಾಸ್ತ್ರದ ಚರಿತ್ರೆಯನ್ನು ಬೋಧಿಸುವವರು ಮರೆಯದಿರುವುದು ಒಳ್ಳೆಯದು.